ಹರಕಿ ಚಹಾ

ಗಂಜಿನ ವೇಬ್ರಿಜ್‌ನಾಗ ಕೂಡ್ತಾನ ಅಮರಗುಂಡಪ್ಪ,
ಇಪ್ಪತ್ತೆರಡು ವರ್ಷದಿಂದ. ಹತ್ತಿ ಲಾರಿ ಬಂದು ನಿಂತರ
ಗಾಜಿನ ಹಿಂದ ಕೆಂಪು ಅಂಕಿ ಕುಣಿದು ಕುಣಿದು ನಿಲ್ತಾವ.
ನಿಂತ ಮ್ಯಾಲೇ ಬರೀಬೇಕು, ಅಂತಾನ,
ಕುಣಿಯೂ ಅಂಕಿ ಸುಳ್ಳು ಹೇಳ್ತದ.

ಅಂಥ ಮನುಷ್ಯ
ಒಂದು ಚೀಟಿ ಮಾತ್ರ ಓದಲಿಲ್ಲ.

ಮದಿವ್ಯಾಗಿ ಐದನೇ ವರ್ಷ ಕರ್ನೂಲಿಗೆ ಹೋಗಿದ್ವಿ.
ರಾಯಚೂರಾಗ ಲ್ಯಾಬಿಲ್ಲಂತಲ್ಲ;
ಇಲ್ಲಿ ಲ್ಯಾಬಿನ ಹುಡುಗನ ಅವ್ವ
ನಮ್ಮತ್ತಿ ಜೋಡಿ ಹಪ್ಪಳ ಒತ್ತತಿದ್ಲು.
ಸೀಸೆ ಹಿಡಕೊಂಡು ಒಳಗ ಹೋದಾವ
ಬಾಗಿಲ ಚಿಲಕ ಮೂರು ಸಲ ನೋಡಿದ.
ನಾ ಹೊರಗ, ಗೋಡಿ ಮ್ಯಾಲಿನ ಕೂಸಿನ ಫೋಟೋದ ಕೆಳಗ.
ಸಂಜಿಗೆ ಕಾಗದ ಕೊಟ್ರು.
ಬಸ್‌ಸ್ಟ್ಯಾಂಡಿನ ಟ್ಯೂಬ್‌ಲೈಟಿನಾಗ ನಾನ ಓದಿದೆ:
ಎಣಿಕಿ ಭಾಳ ಕಡಿಮಿ.
ಕೊಡು ಅನ್ನಲಿಲ್ಲ ಅವ. ಏನದ ಅನ್ನಲಿಲ್ಲ.
ತುಂಗಭದ್ರಾ ದಾಟಿದರೂ ಕಿಟಕಿಗೆ ಹಣಿ ಹಚ್ಚಿದ್ದ.

ಮನಿಗೆ ಬಂದು ಹೇಳಿದೆ, ದೋಷ ನಂದ ಅದರಿ.
ಯಾಕ ಹಂಗಂದೆ? ಅವನ ಹಣಿ ಮ್ಯಾಲ
ಕಿಟಕಿ ಸರಳಿನ ಗೆರಿ ಇನ್ನೂ ಇತ್ತು. ಅದಕ್ಕಿರಬೇಕು.
ಅತ್ತಿ ಹರಕಿ ಹೊರಿಸಿದ್ಲು: ಕೂಸು ಆಗೂತನಕ ಸಿಹಿ ಮುಟ್ಟಬ್ಯಾಡ,
ಆದ ದಿನ ಓಣಿ ತುಂಬ ಸಕ್ಕರಿ ಹಂಚೂಣು.
ಅವತ್ತಿಂದ ನನ್ನ ಚಹಾ ಸಪ್ಪಗ.
ನಾದಿನಿ ಕುಬಸಕ್ಕ ನನ್ನ ಕರೀಲಿಲ್ಲ. ಅವನ್ನ ಕರದ್ರು;
ಹೋಗಿ ಹೋಳಿಗಿ ಉಂಡು ಬಂದ.
ಅತ್ತಿ ಹೋದ್ಲು. ಹರಕಿ ಹೋಗಲಿಲ್ಲ.
ಕಾಗದ ಎಲ್‌ಐಸಿ ಚೀಲದಾಗ, ಬಾಂಡಿನ ನಡುವ.

ಈ ಬ್ಯಾಸಿಗಿ ಬಚ್ಚಲದಾಗ ಇರುವಿ ಸಾಲು.
ಬೆಲ್ಲದ ನೀರು ಚೆಲ್ಲಿತೇನೋ ಅಂತ ತೊಳದೆ. ಮರುದಿನ ಮತ್ತ.
ರಾತ್ರಿ ಐದು ಸಲ ಏಳ್ತಾನ.
ಕೊಡದ ನೀರು ಮುಂಜಾನಿಗೆ ತಳ ಹತ್ತಿರ್ತದ.
ಚಪ್ಪಲಿ ಕಚ್ಚಿದ ಗಾಯ ಯುಗಾದಿಯಿಂದ ಮಾಯವಲ್ದು.
ರಾಯಚೂರ ಬಿಸಲು, ಯಾರಿಗಿಲ್ಲ ನೀರಡಿಕಿ, ಅಂದ.
ಇರುವಿಗೆ ಬಿಸಲು ಗೊತ್ತಿಲ್ಲೇನು, ಅಂದೆ.

ತೀನ್ ಕಂದೀಲ್ ಹತ್ರದ ದವಾಖಾನಿ.
ಡಾಕ್ಟರ್ ನುಸ್ರತ್, ಸಣ್ಣ ವಯಸ್ಸು.
ಖಾಲಿ ಹೊಟ್ಟಿ ಸಕ್ಕರಿ ಇನ್ನೂರಾ ಹದಿನೆಂಟು.
ಅಪ್ಪಗಿತ್ತೇನು? ಇಲ್ರಿ. ಅವ್ವಗ? ಇಲ್ರಿ.
ಮಕ್ಕಳೆಷ್ಟು?

ಫ್ಯಾನ್ ತಿರುಗೂ ಸಪ್ಪಳ.

ಖರ್ಚು ಬಂದರ ಇರಲಿ ಅಂತ ಆ ಚೀಲ ತಂದಿದ್ದೆ.
ಬಿಚ್ಚಿದೆ.
ಮಡಿಕಿ ಮಡಿಕಿಗೂ ಹರದಿತ್ತು ಕಾಗದ.
ಆಕಿ ಮೇಜಿನ ಮ್ಯಾಲ ತುಂಡು ಕೂಡಿಸಿ ಓದಿದ್ಲು.
ಕೂಸಿನ ಮಾತಲ್ಲ ನಾ ಹೇಳೂದು, ಅಂದ್ಲು.
ಇಂಥ ಎಣಿಕಿ ಇದ್ದವರಿಗೆ ಮುಂದ ಸಕ್ಕರಿ ಬರೂದು
ಉಳದವರಗಿಂತ ಹೆಚ್ಚು. ಎಲ್ಲಾರಿಗೂ ಬರ್ತದಂತಲ್ಲ.
ಇದರಿಂದ ಅದು ಆತು ಅಂತನೂ ಅಲ್ಲ;
ಎರಡಕ್ಕೂ ಬೇರು ಒಂದ ಇರಬಹುದು, ಇನ್ನೂ ಹುಡುಕ್ಲಿಕ್ಕತ್ತ್ಯಾರ.
ವರ್ಷಕ್ಕೊಮ್ಮೆ ಬೆರಳು ಚುಚ್ಚಿ ನೋಡಿದ್ದರ
ಆಗಲೇ ಗೊತ್ತಾಗ್ತಿತ್ತು.

ಹದಿನೇಳು ವರ್ಷ. ಹದಿನೇಳು ಹನಿ ರಕ್ತ.
ಲೆಕ್ಕದ ಮನುಷ್ಯ, ಅವನೂ ಕೂಡಿಸಿರಬೇಕು.
ನಾವು ಬಾಯಿ ಕಟ್ಟಿ ಇಟ್ಟಿದ್ದ ಕಾಗದ
ಬಾಂಡಿನ ನಡುವ ಅವನ ಹೆಸರು ಹಿಡದು
ಒದರಿಕೋತ ಇತ್ತೇನೋ, ಇಷ್ಟು ದಿನ.

ಇಸಕೊಂಡ. ಕನ್ನಡಕ ಏರಿಸಿ
ಲಾರಿ ಚೀಟಿ ಓದಿದಂಗ ಓದಿದ,
ಮ್ಯಾಲಿಂದ ಕೆಳತನಕ, ತಾರೀಖು ಸಮೇತ.

ಮನಿಗೆ ಬರೂದಕ್ಕ ಪಂಪಮ್ಮನ ಫೋನು:
ಏನಂತ ಡಾಕ್ಟರು? ವೈನಿ ಅಡಗಿ ಎಣ್ಣಿಯಿಂದ ಬಂತೇನು?
ಇಲ್ಲವಾ, ಅಂದ. ನಂದ.
ಆಗ ಕರ್ನೂಲಾಗ ಬಂದಿದ್ದೂ ನಂದ.
ಅತ್ತಾಗ ಕುಕ್ಕರ್ ಸೀಟಿ ಎರಡು ಸಲ ಕೇಳಿಸ್ತು,
ಮಾತು ಕೇಳಿಸಲಿಲ್ಲ.

ಚಹಾ ಇಟ್ಟೆ. ಅವನ ಕಪ್ಪು ಹಂಗ ಕೊಟ್ಟೆ.
ನನ್ನದಕ್ಕ ಡಬ್ಬಿ ತಗದು ಒಂದು ಚಮಚ,
ಮತ್ತೊಂದು.
ಹದಿನೇಳು ವರ್ಷದ ನಾಲಿಗಿ, ಥೂ, ಸೇರಲಿಲ್ಲ.
ಕುಡದೆ, ತಳದ ಹರಳು ಸಮೇತ.
ಅವ ಒಂದು ಗುಟುಕು ತಗೊಂಡು ಮಾರಿ ಕಿವಿಚಿದ.

ರೂಢಿ ಆಗ್ತದ, ಅಂದೆ.