ಬಿಳಿ ಸೀಸನ್ನು

ಡಾಕ್ಟರ್ ಚಿಟಗುಪ್ಪೇಕರ್ ತಮ್ಮ ಹಲ್ಲಿನ ಕುರ್ಚಿ ಮ್ಯಾಲೇ
ನನ್ನ ಕೂಡಿಸಿ ಫೈಲು ಬಿಚ್ಚಿದರು.
ಬಾಯಿ ತೆರೆಯೋದು ಬ್ಯಾಡ, ಕಿವಿ ಸಾಕು, ಅಂದರು.
ಇಪ್ಪತ್ತೈದು ವರ್ಷದ ಮೆಂಬರ್‌ಶಿಪ್ಪು,
ಹದಿನಾಲ್ಕು ಹೋದವು, ಹನ್ನೊಂದು ಉಳದಾವ.
ವರ್ಷಕ್ಕ ಏಳು ದಿನ
ಊಟಿ, ಮಹಾಬಳೇಶ್ವರ, ಗೋವಾ,
ಎಲ್ಲಿ ಖಾಲಿ ಇರ್ತದೋ ಅಲ್ಲಿ.
ನಾ ಕೊಟ್ಟದ್ದು ಮೂರು ಲಕ್ಷ, ನಿಮಗ ತೊಂಬತ್ತು ಸಾವಿರ.
ತಲೆ ಮ್ಯಾಲಿನ ದೀಪ ಆರಿಸೋದು ಮರತಿದ್ದರು,
ಬೆಳಕು ನೆಟ್ಟಗ ನನ್ನ ಕಣ್ಣಾಗ.

ಶಹಾಬಾದ ರೋಡಿಗೆ ನಂದೊಂದು ಕಾಟಾ.
ಫರ್ಸಿ ಕಲ್ಲಿನ ಲಾರಿ ಏರತಾವ, ಇಳೀತಾವ.
ತುಂಬಿದ್ದರಾಗ ಖಾಲಿ ಕಳೆ,
ಉಳದದ್ದು ಮಾಲು.
ಹತ್ತೊಂಬತ್ತು ವರ್ಷದಿಂದ ನನಗ ಬರೋ ಗಣಿತ ಇಷ್ಟೇ.

ಕಲಬುರಗಿಯಿಂದ ಬಸ್ಸಿನಾಗ ಬರುವಾಗ ಕಳೀಲಿಕ್ಕ ಕುಂತೆ.
ಹೆಸರು ಬದಲಿಗೆ ಇಪ್ಪತ್ತೆರಡು ಸಾವಿರ.
ಮೆಂಟೆನೆನ್ಸು ವರ್ಷಕ್ಕ ಹದಿನೇಳು,
ಹೋದರೂ ಕೊಡಬೇಕು, ಹೋಗದಿದ್ದರೂ ಕೊಡಬೇಕು,
ಏರತದ, ಎಷ್ಟಂತ ಕಾಗದದಾಗ ಇಲ್ಲ.
ಏರದೇ ಇದ್ದರೂ
ಎಪ್ಪತ್ತೇಳು ರಾತ್ರಿಗೆ ಭಾಗಿಸಿದರ
ರಾತ್ರಿಗೆ ಮೂರು ಸಾವಿರದ ಎಂಟುನೂರ ಎಂಬತ್ತು, ಮ್ಯಾಲೆ ಚಿಲ್ಲರೆ.
ಅಷ್ಟಕ್ಕ ಯಾವ ಊರಾಗೂ ಬಾಗಿಲು ತೆಗೀತಾರ,
ಸಲಾಮೂ ಹೊಡೀತಾರ.

ಮತ್ತ ಇದು ಬಿಳಿ ಸೀಸನ್ನಂತ.
ಮೇ ತಿಂಗಳು ಕೆಂಪು, ಅದಕ್ಕ ಈ ಕಾರ್ಡು ನಡಿಯೋದಿಲ್ಲ.
ಮೇದಾಗ ಇಲ್ಲಿ ಡಾಂಬರು ಟಯರಿಗೆ ಹತ್ತತದ,
ಕಾಟಾದ ಕಬ್ಬಿಣದ ಮ್ಯಾಲೆ ನಾಯಿ ಸುದ್ದಾ ಕಾಲಿಡೋದಿಲ್ಲ.
ಓಡಿ ಹೋಗಬೇಕನಸೋ ಹೊತ್ತಿಗೆ ಗೇಟು ಬಂದ್.
ತೊಗರಿ ಹಸರಾಗಿ, ಮೋಡ ಆಗಿ,
ಊರೇ ಚಲೋ ಕಾಣಸೋ ಹೊತ್ತಿಗೆ
ಬರ್ರಿ, ರೂಮು ಖಾಲಿ ಅದ, ಅಂತಾರ.

ಇದನ್ನೆಲ್ಲಾ ಜಗದೇವಿಗೆ ಹೇಳಿದೆ.
ಆಕಿ ಟ್ರಂಕಿನಾಗಿಂದ ಸ್ವೆಟರು ತಗದಳು,
ನಾಫ್ತಲೀನ್ ವಾಸನಿ, ಒಮ್ಮೆಯೂ ಹಾಕಿಲ್ಲ.
ಡಾಕ್ಟರ್ ಯಾಕ ಮಾರ್ತಾರ, ಕೇಳಿದೇನು?
ಕೇಳಿರಲಿಲ್ಲ.

ಆಕಿನೇ ಬಂದು ಕೇಳಿದಳು.
ಡಾಕ್ಟರ್ ಭಾಳೊತ್ತು ಕೈ ತೊಳಕೊಂಡರು.
ಮೂರನೇ ದಿನ, ತಾಯಿ, ನಾಷ್ಟಾ ಕೊಡೋ ಹುಡುಗ ನಕ್ಕ.
ಎಡಗಡೆ ದವಡಿ ಹಲ್ಲು ಹುಳ ತಿಂದಿತ್ತು.
ಅಲ್ಲಿಂದ ನನಗ ಗುಡ್ಡ ಕಾಣಲಿಲ್ಲ, ಅದೇ ಕಾಣ್ತಿತ್ತು.
ಐದನೇ ದಿನ ವಾಪಸ್ ಬಂದು ಕ್ಲಿನಿಕ್ ತೆಗದೆ.
ನಮ್ಮಾಕಿ ಎರಡು ದಿನ ಅಲ್ಲೇ ಉಳದಳು.
ಆ ಎರಡು ದಿನಾನೇ ಛಲೋ ಇದ್ದವಂತ,
ಈಗೂ ಅಂತಾಳ.

ಏಳು ದಿನ ಆಮ್ಯಾಲೆ, ಜಗದೇವಿ ಅಂದಳು,
ಮೊದಲು ಒಂದು ಐತವಾರ ಗೇಟಿಗೆ ಸರಪಳಿ ಹಾಕು.

ಹಾಕಿದೆ.
ಬೇವಿನ ಗಿಡದ ಬುಡಕ್ಕ ಹೊರಸು, ಕಣ್ಣು ಮುಚ್ಚಿದೆ.
ರೋಡಿನಾಗ ಒಂದು ಲಾರಿ ಹೋತು.
ಇಪ್ಪತ್ತಾರು ಟನ್ನು, ಎಡಕ್ಕ ವಾಲೇದ.
ಇನ್ನೊಂದು. ಖಾಲಿ, ಡ್ರೈವರ್ ಹೊಸಬ.
ಜಗದೇವಿ ಸೌತಿಕಾಯಿ ಹೆಚ್ಚುತ್ತಾ
ನನ್ನ ಹಲ್ಲು ನೋಡಿದಳೋ ಏನೋ, ಹಂಗ ನೋಡಿದಳು.

ಮಧ್ಯಾಹ್ನಕ್ಕ, ಸುಮ್ನ, ಮಷೀನು ಚಾಲೂ ಮಾಡಿದೆ.
ಇಬ್ಬರೂ ಕಾಟಾ ಏರಿ ನಿಂತೆವು, ನೂರಾ ಮೂವತ್ತು.
ಆಕಿ ಇಳದಳು, ಎಪ್ಪತ್ತು.
ನಾನೂ ಇಳದೆ, ಸೊನ್ನೆ.
ಬಿಸಲಿಗೆ ಹಾಕಿದ ಸ್ವೆಟರು ತಂದು ಆಕಿ
ಆ ಅಷ್ಟಗಲ ಕಬ್ಬಿಣದ ನಡಬರಕ ಇಟ್ಟಳು.
ಸೊನ್ನೆ ಅಲ್ಲಾಡಲಿಲ್ಲ.
ಹತ್ತು ಕಿಲೋಕ್ಕಿಂತ ಕಮ್ಮಿ ಇದ್ದದ್ದು
ನನ್ನ ಕಾಟಾಕ್ಕ ಕಾಣೋದಿಲ್ಲ.

ಅಷ್ಟರಾಗ ಡಾಕ್ಟರ್ ಫೋನು. ಏನಾತ್ರಿ?
ತೂಕ ನಡದದ, ಅಂದೆ.
ಜಗದೇವಿ ಫೋನು ಕಸಗೊಂಡು,
ಸೆರಗಿಗೆ ಕೈ ಒರಸಿ,
ಡಾಕ್ಟ್ರೇ, ಅಂದಳು,
ಆ ಕಾರ್ಡಿನ ಮ್ಯಾಲೆ ನಾ ಒಬ್ಬಾಕಿನೇ ಹೋದರ ನಡೀತದೇನ್ರಿ?