ಕರುಳಿಗೆ ಹಿಂದ್ಯಾಗ ಏನಂತಾರ

ಔಂಧದಾಗ ಮೂರನೇ ಮಾಳಗಿ, ಗಾಜಿನ ಬಾಗಲಾ.
ಚಪ್ಪಲಿ ಹೊರಗ ಬಿಟ್ಟೆ.
ಹಾಕ್ಕೊಂಡೇ ಬರ್ರಿ, ಅಂದ್ಳು ಮೃಣ್ಮಯಿ ಮೇಡಂ.
ಹಾಕ್ಕೊಳ್ಳಲಿಲ್ಲ. ಸುಟ್ಟ ಅಂಗಾಲಿಗೆ ತಣ್ಣನ ಫರಸಿ
ಹಿತ ಅನಸಿತ್ತು, ಅಷ್ಟ.

ಹೆಸರೇನು?
ನಿಂಬೆವ್ವ.
ನಿಂಬೂ? ನಕ್ಕಳು. ಕೆಟ್ಟ ನಗಿ ಅಲ್ಲ ಅದು.
ನಮ್ಮವ್ವನ ಅವ್ವನ ಹೆಸರದು ಅನ್ನೂದರಾಗ
ಕಾಗದದ ಮ್ಯಾಲ ಎನ್ ಅಂತ ಬರದು
ಒಂದು ಚುಕ್ಕಿ ಇಟ್ಟಿದ್ದಳು.

ಮೇಜಿನ ಮ್ಯಾಲ ಮ್ಯಾಣದ ಬತ್ತಿ,
ಮಲ್ಲಿಗಿ ವಾಸನಿದು, ಮನಸ್ಸಿಗೆ ಶಾಂತಿ ಅಂತ.
ನಾ ಅದರ ಕಡೆ ನೋಡಲಿಲ್ಲ.
ಅದು ನನ್ನ ಕಡೆ ನೋಡತಿತ್ತು.

ಹತ್ತರಾಗ ಎಷ್ಟು ನೋವು?
ಶಾಲಿಗೆ ಹ್ವಾದಾಕಿ ಅಲ್ಲ ನಾ, ಲೆಕ್ಕ ಬರತದ:
ಚಿಖಲಿಯ ಫೋಮ್ ಶೆಡ್ಡಿನಾಗ ಹದಿನಾಲ್ಕು ಮಂದಿ ಇದ್ದಿವಿ,
ಶಟರಿನ ಕೆಳಗ ತೂರಿ ಬಂದವರು ಒಂಬತ್ತು.
ಐದು, ಅಂದೆ.
ಐದಂದ್ರ ಮಧ್ಯಮ, ಅಂದ್ಳು. ಬರಕೊಂಡಳು.

ಎಲ್ಲಿ ಆಗತದ?
ನನ್ನ ಹಿಂದಿ ಬಜಾರದ ಹಿಂದಿ,
ಕೊತ್ತಂಬರಿಗೆ ಸಾಕು, ಬಸ್ಸಿನ ಚಿಲ್ಲರಿಗೆ ಸಾಕು.
ಕರುಳು ಕಿತ್ತು ಬರತದ ಅನ್ನಬೇಕಿತ್ತು,
ಹೊಟ್ಟಿಯೊಳಗ ಬೆಂಕಿ ಬಿದ್ದದ ಅನ್ನಬೇಕಿತ್ತು.
ಪೇಟ್ ಮೇ, ಅಂದೆ. ಪೇಟ್ ಜಲತಾ ಹೈ.
ಖಾರ ಕಡಿಮಿ ತಿನ್ನು, ಅಂದ್ಳು.
ಹೊಟ್ಟಿ ಡಾಕ್ಟರನ ಹೆಸರು ಬರದು ಕೊಟ್ಟಳು.

ಕಣ್ಣ ಮುಚ್ಚು. ಸಮುದ್ರದ ದಂಡಿ ನೆನಸು.
ಸುತ್ತ ಯಾರೂ ಇಲ್ಲ, ನೀ ಒಬ್ಬಾಕಿ...
ನಾ ಸಮುದ್ರ ನೋಡಿಲ್ರಿ.
ಯಾರೂ ಇಲ್ಲದ ಜಾಗದಾಗ
ನಮ್ಮ ಕಡೆ ಹೆಣಾನೂ ಬಿಡೂದಿಲ್ಲ.

ಚಂದಮ್ಮನ್ನ ಬಿಟ್ಟಿವಿ.
ಅಫಜಲಪುರದಿಂದ ತಮ್ಮ ಬರೂತನ ಎರಡು ದಿನ
ದವಾಖಾನಿ ಪೆಟಗ್ಯಾಗ ಒಬ್ಬಾಕೀನ ಇದ್ದಳು.
ಗದ್ದಲ ಬ್ಯಾಡ ಅಂದಿದ್ದ ಗುತ್ತೇದಾರ.
ಯಾರೂ ಅಳಲಿಲ್ಲ.

ಎರಡನೇ ಸಲ ಹ್ವಾದಾಗ
ಗೊತ್ತಾಗಧಾಂಗ ಸುರು ಆತು, ಊರಾಗಿನ ಅಳು, ರಾಗ ತಗದು:
ಡಬ್ಬಿಯೊಳಗಿನ ರೊಟ್ಟಿ ಅರ್ಧ ಉಂಡು ಎದ್ದೆಲ್ಲ ಚಂದವ್ವಾ
ಉಳದರ್ಧ ಯಾರಿಗಂತ ಮುಚ್ಚಿಟ್ಟೀ ನನ್ನವ್ವಾ...
ಮೂರನೇ ಸಾಲಿಗೆ ಮೇಡಂ ಗಾಬರಿಯಾಗಿ ಎದ್ದಳು.
ಶ್ವಾಸ ತಗೋ, ಬಿಡು. ತಗೋ, ಬಿಡು.
ಬಾಗಲಾ ಹಾಕಿದಳು. ನೀರು ಕೊಟ್ಟಳು.
ನಿಮ್ಮಲ್ಲಿ ಮೈಮ್ಯಾಲ ದೇವರು ಬರೂದು ಅಂತಾರಲ್ಲ, ಅದಾ ಇದು?

ಅಲ್ರಿ. ಇದಕ್ಕ ಅಳೂದು ಅಂತಾರ.

ಹೊಂಟಾಗ, ಪಾಪ, ಪ್ರೀತೀಲೇ ಹೇಳಿದಳು:
ನಿನಗ ಒಲ್ಲೆ ಅನ್ನಾಕ ಬರೂದಿಲ್ಲ.
ಗಂಡಗ ಅನ್ನು, ಅತ್ತಿಗೆ ಅನ್ನು. ಈ ವಾರದ ಅಭ್ಯಾಸ ಇದು.
ಅತ್ತಿ! ನಡುರಾತ್ರಿ ನಾ ಚೀರಿ ಎದ್ದರ
ಬೆನ್ನಿಗೆ ಕೈಯಿಟ್ಟು ಬೆಳತನ ಕೂಡಾಕಿ.
ಯಾವುದಕ್ಕ ಒಲ್ಲೆ ಅನ್ನಲಿ, ಆ ಕೈಗಾ?

ಮೂರನೇ ಸಲ ಗುಲಾಬಿ ವಾಸನಿ ಬತ್ತಿ.
ಹೋಗಲೇಬೇಕಿತ್ತು, ಆಕಿ ಸಹಿ ಇಲ್ಲದ ಪರಿಹಾರದ ಚೆಕ್ಕಿಲ್ಲ.
ಕುಂಡ್ರು, ಅಂದ್ಳು.
ಒಲ್ಲೆ, ಅಂದೆ, ಕನ್ನಡದಾಗ.
ಎರಡು ಬೆರಳು ನಾಲಿಗಿಗೆ ಹಚ್ಚಿ
ಬತ್ತಿ ಹಿಚುಕಿದೆ.
ಹೊಗಿ ಒಂದೆಳಿ ಎದ್ದು ನಮ್ಮಿಬ್ಬರ ನಡಕ ನಿಂತಿತು.
ಆಕಿ ಪೆನ್ನು ಎತ್ತಿದಳು, ಬರೀಲಿಲ್ಲ.
ಮೊದಲನೇ ಸಲ ನನ್ನ ಕಾಲು ನೋಡಿದಳು.

ಸಹಿ ಮಾಡತಾಳೋ ಇಲ್ಲೋ.
ಚಿಖಲಿ ಬಸ್ಸಿನಾಗ ಕಿಟಕಿ ಬಾಜು ಸೀಟು ಸಿಕ್ಕಿತು.
ಸೆರಗು ಬಾಯಿಗಿಟ್ಟುಕೊಂಡು
ಮೂರನೇ ಸಾಲಿಂದ ಸುರು ಮಾಡಿದೆ.