ಅರವತ್ತೊಂದು ಮುಚ್ಚಳ

ಒಸಿ ಸರ್ಕಂಡು ಕೂತ್ಕಳಿ, ಬಿಸಿಲು ಇತ್ಲಾಗೇ ಬತ್ತದೆ.
ಲಾಯರಮ್ಮ ಒಳಗವ್ರೆ. ಅಲ್ಲೀಗಂಟ ನಾನು ಹೇಳ್ತೀನಿ,
ಮಂಡ್ಯದ ಈ ಜಗಲೀಲಿ ಇಪ್ಪತ್ತೆರಡು ವರ್ಷದಿಂದ
ಹೇಳ್ತಾನೇ ಇರೋ ಗುಮಾಸ್ತ ನಾನು, ಬೋರಲಿಂಗಯ್ಯ.

ಕುಕ್ಕರು ತೊಳೀಬ್ಯಾಡಿ.
ತೊಳೆದಿದ್ರೆ ತೊಳೆದ್ವಿ ಅನ್ನಿ, ಸುಳ್ಳು ಬ್ಯಾಡ.
ಗುಜರಿಗೆ ಹಾಕಿದ್ರೆ ಇವತ್ತೇ ಹೋಗಿ ಬಿಡಿಸ್ಕಂಬನ್ನಿ.
ಕೆರಗೋಡಿನ ದೇವೀರಮ್ಮನ ಗಂಡ
ಅರವತ್ತು ರೂಪಾಯಿಗೆ ಮಾರ್ಬುಟ್ಟಿದ್ದ,
ಕೋಳಿಗೆ ನೀರಿಡಾಕೆ ಅಂತ ಮುಚ್ಚಳ ಉಳ್ಕಂಡಿತ್ತು, ಸದ್ಯ.
ಒಳಮೈಗೆ ಅಂಟಿ ಒಣಗಿರೋ ಬೇಳೆ ಅದೆಯಲ್ಲ,
ಅದೇ ನಮ್ಮ ಮೊದಲ್ನೇ ಸಾಕ್ಷಿ.

ಸಂಘದ ಸಾಲದಲ್ಲಿ ಒಂದೇ ಲಾರೀಲಿ ಬಂದವು ನಿಜ,
ಹಂಗಂತ ಅರವತ್ತೊಂದು ಗಾಯವೂ ಒಂದೇ ಅಂದ್ಕಬ್ಯಾಡಿ.
ಕೇಸು ಒಟ್ಟಿಗೆ, ಚರ್ಮ ಬ್ಯಾರೆ ಬ್ಯಾರೆ.
ಆಸ್ಪತ್ರೆ ಚೀಟಿ, ಮುಲಾಮಿನ ಬಿಲ್ಲು,
ಕೂಲಿಗೆ ಹೋಗದ ದಿನದ ಲೆಕ್ಕ,
ಗೋಡೆ ಮೇಲೆ ಇದ್ದಿಲಲ್ಲಿ ಗೀಚಿದ್ರೂ ಸೈ,
ಸುಣ್ಣ ಹೊಡಿಯೋಕ್ಮುಂಚೆ ಫೋಟೋ ತೆಗೆಸಿ.

ಮೊದಲು ಕೂಗೋದು ನೂರ್‌ಜಾನ್ ಹೆಸ್ರು.
ಅವ್ರ ಮಾತಿನ ಮೇಲೆ ಉಳಿದೋರ ಮಾತು ನಿಲ್ತದೆ.
ಹಂಗಂತ ಮನೆಗೋಗಿ ಪಾಠ ಹೇಳ್ಬ್ಯಾಡಿ,
ಆಯಮ್ಮ ಈಗ್ಲೇ ನಿದ್ದೆ ಮಾಡ್ನಿಲ್ಲ.

ಕಂಪ್ನಿ ವಕೀಲರು ಬಲು ಮರ್ಯಾದಸ್ತರು.
ಅಮ್ಮಾ ಅಂತಲೇ ಕೇಳ್ತರೆ:
ನೀರೆಷ್ಟು ಹಾಕಿದ್ರಿ, ತೊಗರಿಬೇಳೆನಾ ಅವರೆಬೇಳೆನಾ,
ಎಷ್ಟು ಸಿಳ್ಳೆ ಆಗಿತ್ತು, ಫೋನಲ್ಲಿ ಮಾತಾಡ್ತಿದ್ರಾ,
ಡಬ್ಬೀಲಿ ಪುಸ್ತಕ ಇತ್ತಲ್ಲ, ಯಾಕೆ ಓದ್ನಿಲ್ಲ?
ಪುಸ್ತಕ ಇದ್ದದ್ದು ಇಂಗ್ಲೀಷಲ್ಲಿ.
ಸಿಟ್ಟು ಬತ್ತದೆ. ನೀರು ಕುಡೀರಿ.
ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಿ.
ನನ್ನ ಮಕ ನೋಡ್ಬ್ಯಾಡಿ, ನಾನೇ ಹೇಳ್ಕೊಟ್ಟೆ ಅಂತಾಯ್ತದೆ.

ಎಷ್ಟು ದಿನ ಅಂತೀರಾ?
ಹೂಂ.
ಬಸುರಿ ಬಂದೋಳು
ಮಗೀನ ಇಸ್ಕೂಲಿಗೆ ಬಿಟ್ಟು ವಾಯಿದೆಗೆ ಬಂದಿದ್ದು ನೋಡಿವ್ನಿ.
ಇಲ್ಲಿ ಗೆದ್ರೆ ಅವ್ರು ಬೆಂಗಳೂರಿಗೆ ಹೋಯ್ತರೆ,
ಅಲ್ಲಿ ಗೆದ್ರೆ ಡೆಲ್ಲಿಗೆ.
ಕಂಪ್ನಿ ಬೋರ್ಡು ಬದಲಾಗ್ಬೋದು, ಜಡ್ಜು ಬದಲಾಗ್ಬೋದು.
ನಿಮ್ಮ ಫೋನ್ ನಂಬರು ಮಾತ್ರ ಬದಲಾಯಿಸ್ಬ್ಯಾಡಿ.

ಒಂದಿನ ರಾಜಿ ಮಾತು ಬತ್ತದೆ. ಅದ್ರ ಜೊತೇಲಿ ಒಂದು ಪಟ್ಟಿ:
ಮಕಕ್ಕೆ ಇಷ್ಟು, ಮೊಣಕೈಗೆ ಇಷ್ಟು,
ಸೀರೆ ಮುಚ್ಚೋ ಜಾಗಕ್ಕೆ ಕಮ್ಮಿ.
ಅವತ್ತು ನೀವು ನೀವೇ ಕಿತ್ತಾಡ್ತೀರಿ,
ಒಂದೇ ಬಸ್ಸಲ್ಲಿ ಬಂದೋರು
ಬ್ಯಾರೆ ಬ್ಯಾರೆ ಬಸ್ಸಲ್ಲಿ ಊರಿಗೋಯ್ತೀರಿ.
ಈಗ್ಲೇ ಹೇಳಿರ್ತೀನಿ.
ಒಲ್ಲೆ ಅನ್ನೋ ಹಕ್ಕು ನಿಮ್ದು, ಓದಿಸಿ ಕೇಳಿ, ಎರಡ್ಸಲ.
ಬಂದ ದುಡ್ಡಲ್ಲಿ ಪಾಲು ಅಂತ ಯಾರಾದ್ರೂ ಕೈಯೊಡ್ಡಿದ್ರೆ,
ನನ್ನ ಹೆಸರು ಹೇಳಿದ್ರೂ, ಕೊಡ್ಬ್ಯಾಡಿ.

ಹೋದ ವಾರ ಶಿವನಂಜಮ್ಮ ಕೇಳ್ತು:
ಪಕ್ಕದ ಮನೇಲಿ ಸಿಳ್ಳೆ ಕೂಗಿದ್ರೆ
ಮಗೀನ ಎತ್ಕಂಡು ಬೀದಿಗೆ ಓಡ್ತೀನಲ್ಲಣ್ಣ,
ಅದನ್ನ ಯಾವ ಕಾಲಮ್ಮಲ್ಲಿ ಬರೀಬೇಕು?
ನಮೂನೆ ಪೂರ್ತಿ ಹುಡುಕ್ದೆ, ತಿರುಗಿಸ್ದೆ.
ಹಿಂದ್ಗಡೆ ಖಾಲಿ ಇತ್ತು.
ಅಲ್ಲಿ ಬರ್ಕಂಡೆ, ಆಯಮ್ಮ ಹೇಳ್ದಂಗೇ.

ಬನ್ನಿ ಜವರಮ್ಮ, ಹೆಬ್ಬೆಟ್ಟು ಕೊಡಿ.
ಗಟ್ಯಾಗಿ ಒತ್ಬೇಕು. ಹಾಂ.
ಬೆರಳು ಬಂತು, ಗೆರೆ ಬರ್ನಿಲ್ಲ.
ಇನ್ನೊಂದು ಸಲ.
ಹುಣಿಸೆ ಬೀಜದಂಗೆ ನುಣ್ಣಗೆ, ಕಪ್ಪಗೆ, ಅಷ್ಟೇ.
ಎಡಗೈ? ಅದೂ ಹಂಗೇನಾ.
ಆಫೀಸಿನೋರು ಒಪ್ಪಾಕಿಲ್ಲ, ವಾಪಸ್ ಕಳಿಸ್ತರೆ.
ಇರ್ಲಿ ಬುಡಿ, ಪಕ್ಕದಲ್ಲಿ ಬರೀತೀನಿ:
‘ಇದು ಜವರಮ್ಮನವರ ಬಲಗೈ ಹೆಬ್ಬೆಟ್ಟು,
ನನ್ನ ಸಮಕ್ಷಮ ಒತ್ತಿದ್ದು.’

ಇನ್ನೊಂದು ಹಾಳೆ ಮೇಲೂ ಒತ್ತಿ.
ಅದು ಸಾಕ್ಷಿ ಪಟ್ಟಿಗೆ,
ಬೇಳೆ ಆದ್ಮೇಲೆ, ಎರಡ್ನೇದು.

ಕೈ ಒರೆಸ್ಕಳಿ, ಬಟ್ಟೆ ಅಲ್ಲದೆ.
ಕೆರಗೋಡಿನ ಬಸ್ಸು ಐದೂ ಹತ್ತಕ್ಕೆ.